ಗೆರೆ ಹೊಡೆದ ಅಂಕಿ

ಪುಟ ಇರಬೇಕಾದುದಕ್ಕಿಂತ ತುಸು ಸಣ್ಣದಾಗಿದೆ ಎಂಬುದು ಸುಲಭಾಳ ಕಣ್ಣಿಗೆ ಮೊದಲು ಬಿತ್ತು. ಅಕ್ಷರಗಳೆಲ್ಲ ಎಡಕ್ಕೆ ಸರಿದುಕೊಂಡು, ಬಸ್ಸಿನ ಸೀಟಿನಲ್ಲಿ ಯಾರಿಗೋ ಕೂರಲು ಜಾಗ ಮಾಡಿಕೊಟ್ಟಂತೆ, ಬಲಗಡೆ ಅಗಲವಾದ ಅಂಚು ಬಿಟ್ಟಿದ್ದವು. ಆ ಜಾಗದಲ್ಲಿ ಒಂದು ಗುಳ್ಳೆ. ಗುಳ್ಳೆಯೊಳಗೆ ಮಹಾದೇವಪ್ಪನವರ ಮಾತು: ‘ಸುಲಭಾ, ಇದು 1.2 ಇರಬಹುದೇ? ಇನ್ನೊಮ್ಮೆ ನೋಡಿರಿ.’ ಗುಳ್ಳೆಯಿಂದ ಹೊರಟ ಚುಕ್ಕೆಗಳ ಸಾಲು ಕೋಷ್ಟಕದೊಳಗೆ ನುಗ್ಗಿ ಫ್ಲೋರೈಡಿನ ಮನೆಗೆ ಹೋಗಿ ನಿಂತಿತ್ತು. ಅಲ್ಲಿ 1.9. ಅದರ ನಡುಮಧ್ಯೆ ಒಂದು ಗೆರೆ. ಪಕ್ಕದಲ್ಲಿ 1.2. ಅದರ ಕೆಳಗೂ ಒಂದು ಗೆರೆ. ಶನಿವಾರ ಸಂಜೆ ಐದೂಮುಕ್ಕಾಲಿಗೆ ತಾನೇ ಕಳಿಸಿದ್ದ ನೀರಿನ ವರದಿಯನ್ನು ಸೋಮವಾರ ಬೆಳಿಗ್ಗೆ ಅವಳು ಹೆಗಲ ಚೀಲ ಇಳಿಸದೆಯೇ ತೆರೆದಿದ್ದಳು, ಹೋಯಿತೋ ಇಲ್ಲವೋ ಎಂದಷ್ಟೇ ನೋಡಲು. ಹೋಗಿತ್ತು. ಲೇಔಟು ಮಾಡಿದವನಿಗೂ ಅಲ್ಲಿಯ ನಿವಾಸಿಗಳ ಕಮಿಟಿಗೂ, ಇಬ್ಬರಿಗೂ ಹೋಗಿತ್ತು. ಎದೆ ಧಸಕ್ಕೆನ್ನಬೇಕಿತ್ತು, ಅಂದದ್ದೂ ನಿಜ. ಆದರೆ ಅದಕ್ಕೂ ಮೊದಲು, ಒಂದು ಉಸಿರಿನಷ್ಟು ಮೊದಲು, ಬಿಗಿದ ಚಪ್ಪಲಿ ಕಳಚಿದಂತಹ ಇನ್ನೊಂದು ಭಾವ ಬಂದು ಹೋದದ್ದನ್ನು ಅವಳು ಗಮನಿಸಿದಳು, ಗಮನಿಸಿದ್ದಕ್ಕೆ ನಾಚಿದಳು.

ತಾರಿಹಾಳದ ಈ ಪ್ರಯೋಗಾಲಯದಲ್ಲಿ ವರದಿ ಹೊರಡುವುದಕ್ಕೆ ಒಂದು ಕ್ರಮವಿತ್ತು. ಸುಲಭಾ ತನ್ನ ನೋಟ್‌ಬುಕ್ಕಿನಿಂದ ಅಂಕಿಗಳನ್ನು ವರ್ಡ್‌ನಲ್ಲಿ ಟೈಪು ಮಾಡುವಳು. ಒಳಗಿನ ಕೋಣೆಯ ಕಂಪ್ಯೂಟರಿನಲ್ಲಿ ಮಾಲೀಕ ಮಹಾದೇವಪ್ಪ ಅದನ್ನೇ ತೆರೆದು ಓದುವರು. ಯಾರು ಏನು ತಿದ್ದಿದರೂ ಇನ್ನೊಬ್ಬರಿಗೆ ಕಾಣುವ ಹಾಗೆ ಅವರು ಏರ್ಪಾಡು ಮಾಡಿಟ್ಟಿದ್ದರು. ಅಳಿಸಿದ್ದು ಅಳಿಯದೆ ಅದರ ಮೇಲೆ ಕೆಂಪು ಗೆರೆ ಬೀಳುತ್ತಿತ್ತು, ಸೇರಿಸಿದ್ದರ ಕೆಳಗೆ ಕೆಂಪು ಗೆರೆ ಬೀಳುತ್ತಿತ್ತು, ಕೇಳುವ ಮಾತಿದ್ದರೆ ಅಂಚಿನ ಗುಳ್ಳೆಗೆ ಹೋಗುತ್ತಿತ್ತು. ಇಬ್ಬರಿಗೂ ಸರಿಯೆನಿಸಿದ ಮೇಲೆ ತಿದ್ದುಪಡಿಗಳನ್ನೆಲ್ಲ ಒಪ್ಪಿಕೊಳ್ಳುವ ಗುಂಡಿಯನ್ನು ಸುಲಭಾ ಒತ್ತಬೇಕು, ಗುಳ್ಳೆಗಳನ್ನು ತೆಗೆಯಬೇಕು. ಆಗ ಕೆಂಪು ಮಾಯವಾಗಿ, ಮೊದಲಿನಿಂದಲೂ ಹಾಗೆಯೇ ಇತ್ತೆಂಬಂತೆ ಪುಟ ತೆಪ್ಪಗಾಗುತ್ತಿತ್ತು. ಆಮೇಲೆ ಪ್ರಿಂಟು. ಪ್ರಿಂಟು ಎಂದರೆ ಕಾಗದಕ್ಕಲ್ಲ. ಪ್ರಿಂಟರುಗಳ ಪಟ್ಟಿಯಲ್ಲಿ ನಿಜವಾದ ಪ್ರಿಂಟರಿನ ಹೆಸರಿನ ಕೆಳಗೆ ಇಮೇಜ್ ರೈಟರ್ ಎಂಬ ಇನ್ನೊಂದು ಹೆಸರಿತ್ತು. ಅದನ್ನು ಆರಿಸಿದರೆ ಶಾಯಿಯಿಲ್ಲ, ಸದ್ದಿಲ್ಲ, ಪುಟದ ಫೋಟೋ ತೆಗೆದಂತೆ ಒಂದು ಚಿತ್ರ ಡಿಸ್ಕಿನಲ್ಲಿ ಹುಟ್ಟಿಕೊಳ್ಳುತ್ತಿತ್ತು. ಎರಡು ವರ್ಷಗಳ ಹಿಂದೆ ಒಬ್ಬ ಗಿರಾಕಿ ಇವರು ಕಳಿಸಿದ ವರ್ಡ್ ವರದಿಯಲ್ಲಿ ತನಗೆ ಬೇಕಾದ ಅಂಕಿ ತುರುಕಿ ಎಲ್ಲೋ ತೋರಿಸಿ, ಇವರ ಹೆಸರು ಕೆಟ್ಟು, ಅಂದಿನಿಂದ ಎಲ್ಲವೂ ಚಿತ್ರ. ಇನ್ನೊಂದು ಅನುಕೂಲವೂ ಇತ್ತು: ಇಲ್ಲಿಯ ಕನ್ನಡ ಅಕ್ಷರ ಬೇರೆಯವರ ಕಂಪ್ಯೂಟರಿನಲ್ಲಿ ತೆರೆದರೆ ಗುರುತು ಸಿಗದ ಚಿಹ್ನೆಗಳ ರಾಶಿಯಾಗುತ್ತಿತ್ತು, ಚಿತ್ರಕ್ಕೆ ಆ ಕಾಟವಿರಲಿಲ್ಲ. ‘ಚಿತ್ರದಾಗ ಯಾರೂ ಕೈ ಆಡಸಾಕ ಬರೂದಿಲ್ರಿ’ ಎಂದು ಮಹಾದೇವಪ್ಪ ಗಿರಾಕಿಗಳಿಗೆ ಹೆಮ್ಮೆಯಿಂದ ಹೇಳುತ್ತಿದ್ದರು. ಈ ಚಿತ್ರದಲ್ಲೂ ಬರುವುದಿಲ್ಲ. ಬಣ್ಣ ಮಾತ್ರ ಹೋಗಿತ್ತು, ಕೆಂಪು ಗೆರೆ ಕಪ್ಪಾಗಿತ್ತು, ಕಪ್ಪಾದದ್ದರಿಂದ ಇನ್ನಷ್ಟು ದಪ್ಪವಾಗಿ ಕಾಣುತ್ತಿತ್ತು.

ಒಪ್ಪಿಕೊಳ್ಳುವ ಗುಂಡಿ ಒತ್ತಲು ಮರೆತೆನೇ? ಮರೆವು ಎಂದರೆ ಏನು, ಎಲ್ಲಿ ಶುರುವಾಗುತ್ತದೆ? ಶನಿವಾರ ಪರದೆಯ ಮೇಲೆ ಕೆಂಪು ಕಣ್ಣಿಗೆ ರಾಚುವಂತಿತ್ತಲ್ಲ. ತಿದ್ದುಪಡಿಗಳಿವೆ, ಹಾಗೆಯೇ ಪ್ರಿಂಟು ಮಾಡಲೇ ಎಂದು ಒಂದು ಪೆಟ್ಟಿಗೆ ಎದ್ದು ಬಂದು ಕೇಳಿದ್ದೂ ಈಗ ಮಸುಕಾಗಿ ನೆನಪಾಗುತ್ತದೆ. ಅದು ನೆನಪೋ, ಈಗ ಕಟ್ಟಿಕೊಂಡದ್ದೋ. ಹಾಗೆ ಕೇಳುವ ಪೆಟ್ಟಿಗೆಗಳಿಗೆಲ್ಲ ಸರಿ ಎಂದು ಒತ್ತಿ ಒತ್ತಿ ಬೆರಳಿಗೆ ರೂಢಿಯಾಗಿತ್ತು. ಅವಳ ಬೆರಳಿಗಷ್ಟೇ ಅಲ್ಲ. ಒಂಬತ್ತು ವರ್ಷಗಳಿಂದ ಮಹಾದೇವಪ್ಪನವರ ಮುಖದಲ್ಲಿ ಹುಬ್ಬು ಅಲುಗಿದರೆ ಸಾಕು, ಅವರ ಬಾಯಿಂದ ಮಾತು ಹೊರಡುವ ಮೊದಲೇ ಸರಿ ಎಂದು ಒತ್ತುವುದು ಅವಳಿಗೆ ಬಂದುಬಿಟ್ಟಿತ್ತು. ಇನ್ನೊಮ್ಮೆ ನೋಡಿರಿ ಎಂದಿದ್ದರು ಅವರು, ಬದಲಿಸಿರಿ ಎಂದಿರಲಿಲ್ಲ. ಅವಳು ನೋಡಲಿಲ್ಲ. ಮಾದರಿಯ ಬಾಟಲಿಯಲ್ಲಿ ಅರ್ಧಕ್ಕಿಂತ ಹೆಚ್ಚು ನೀರಿತ್ತು, ಮೀಟರಿನ ಮೇಲೆ ಇನ್ನೂ ಹೊದಿಕೆ ಹಾಕಿರಲಿಲ್ಲ, ಹತ್ತು ನಿಮಿಷದ ಕೆಲಸ. ಅವಳು ಕುರ್ಚಿಯಿಂದ ಏಳದೆ ಒಂಬತ್ತನ್ನು ಅಳಿಸಿ ಎರಡು ಬರೆದಳು. ಬಸ್ಸಿನ ಹೊತ್ತಾಗಿತ್ತು ಎಂದು ಹೇಳಿಕೊಳ್ಳಬಹುದು. ಬಸ್ಸು ಆರೂಕಾಲಿಗೆ.

ಶನಿವಾರ ಮಧ್ಯಾಹ್ನ ಶಶಿಕಾಂತ ಬಂದಿದ್ದ. ಊರ ಹೊರಗೆ ನಲವತ್ತು ಮನೆಗಳ ಲೇಔಟು ಮಾಡಿದವನು. ಬುಧವಾರ ಅಲ್ಲಿಯ ಬೋರ್‌ವೆಲ್ಲನ್ನು ನಿವಾಸಿಗಳ ಕಮಿಟಿಗೆ ಒಪ್ಪಿಸಿ ಕೈ ತೊಳೆದುಕೊಳ್ಳುವವನಿದ್ದ. ನೀರಿನ ವರದಿ ಸರಿಯಿದ್ದರೆ ಕಮಿಟಿ ಸಹಿ ಹಾಕುತ್ತದೆ. ಪ್ರಯೋಗಾಲಯವಿರುವ ಈ ಕಟ್ಟಡ ಅವನ ಕಾಕಾನದು, ಆ ಮಾತನ್ನು ಅವನು ಎಂದೂ ಆಡುವವನಲ್ಲ, ಗೋಡೆಗಳನ್ನು ಸುಮ್ಮನೆ ಸುತ್ತ ನೋಡುವನು. ಹಾಗೆ ನೋಡಿ, ಅವಳ ಮೇಜಿನ ಮೇಲಿದ್ದ ನೋಟ್‌ಬುಕ್ಕಿನ ಮೇಲೆ ಬಗ್ಗಿ, ಅವಳು ಅಲ್ಲಿ ಇಲ್ಲವೇ ಇಲ್ಲ ಎಂಬಂತೆ ಮಹಾದೇವಪ್ಪನವರಿಗೆ, ‘ಅಲ್ರಿ ಸರ್, ನಿಮ್ಮ ಮೇಡಮ್ಮಾರು ಮನ್ಯಾಗ ಉಪ್ಪಿಟ್ಟಿಗೂ ಹಿಂಗ ಉಪ್ಪು ಜಾಸ್ತಿ ಹಾಕ್ತಾರೇನು?’ ಎಂದು ನಕ್ಕಿದ್ದ. ಮಹಾದೇವಪ್ಪ ನಗಲಿಲ್ಲ, ಬೇಡವೆನ್ನಲೂ ಇಲ್ಲ, ಕನ್ನಡಕ ತೆಗೆದು ಒರೆಸಿಕೊಂಡರು. ಸುಲಭಾ ತಾನೂ ನಕ್ಕಿದ್ದಳು. ಆ ನಗು ಈಗ ಎರಡು ದಿನ ಕಳೆದರೂ ಹಲ್ಲಿನ ಸಂದಿಯಲ್ಲಿ ಸಿಕ್ಕಿಕೊಂಡ ನಾರಿನ ಹಾಗೆ ಉಳಿದಿತ್ತು. ನಾಲಗೆ ಮತ್ತೆ ಮತ್ತೆ ಅಲ್ಲಿಗೇ ಹೋಗುತ್ತಿತ್ತು.

ಭಾನುವಾರ ಬೆಳಿಗ್ಗೆ ಬೈರಿದೇವರಕೊಪ್ಪದ ಮನೆಯ ಹಿತ್ತಲಿನಲ್ಲಿ ಅವಳು ಮಗಳನ್ನು ಬಿಸಿಲಿಗೆ ನಿಲ್ಲಿಸಿ ಬಾಯಿ ತೆರೆಸಿದ್ದಳು. ಆರು ವರ್ಷದ ಹುಡುಗಿಯ ಮುಂದಿನ ಹಾಲುಹಲ್ಲು ಬಿದ್ದು ಒಸಡಿನಿಂದ ಹೊಸ ಹಲ್ಲಿನ ಗರಗಸದಂಥ ಅಂಚು ಇಣುಕುತ್ತಿತ್ತು, ಬಿಳಿಯೆಂದರೆ ಬಿಳಿ. ‘ಏನ್ ನೋಡಾಕತ್ತೀಯವ್ವಾ?’ ಎಂದು ಮಗಳು ಬಾಯಿ ತೆರೆದುಕೊಂಡೇ ಕೇಳಿದಳು. ‘ಏನಿಲ್ಲ, ಛಲೋ ಅದಾವ’ ಎಂದಳು. ಛಲೋ ಇಲ್ಲದ ಹಲ್ಲು ಹೇಗಿರುತ್ತವೆಂದು ಅವಳು ನೋಡಿದ್ದಳು. ಕಾಲೇಜಿನ ಕೊನೆಯ ವರ್ಷದಲ್ಲಿ ನೀರಿನ ಮಾದರಿ ತರಲು ಹೋದ, ಫ್ಲೋರೈಡು ಹೆಚ್ಚಿದ್ದ ಒಂದು ಹಳ್ಳಿಯ ಶಾಲೆಯಲ್ಲಿ ಮಕ್ಕಳು ಇವರನ್ನು ಕಂಡು ನಕ್ಕಿದ್ದರು. ಸಾಲು ಸಾಲಾಗಿ ಕಂದು ಪಟ್ಟೆಯ ಹಲ್ಲುಗಳು, ಒಬ್ಬ ಹುಡುಗಿ ಮಾತ್ರ ನಗುವಾಗ ಅಂಗೈ ಅಡ್ಡ ಹಿಡಿಯುತ್ತಿದ್ದಳು. ಆ ಹಲ್ಲು ಮತ್ತೆ ಬೆಳ್ಳಗಾಗುವುದಿಲ್ಲ ಎಂದು ಅಂದು ಮೇಷ್ಟ್ರು ಜೀಪಿನಲ್ಲಿ ಹೇಳಿದ್ದರು. ಅದೇ ಮೇಷ್ಟ್ರು, ಬ್ಯುರೆಟ್ಟಿನ ಅಂಕಿ ತಪ್ಪಿ ಬರೆದು ಅವಳು ರಬ್ಬರ್ ತೆಗೆದಾಗ ಅದನ್ನು ಕಸಿದುಕೊಂಡು ಕಿಟಕಿಯಿಂದ ಆಚೆಗೆ ಎಸೆದಿದ್ದರು: ಅಳಿಸಬಾರದು, ಒಂದೇ ಗೆರೆ ಎಳೆಯಬೇಕು, ತಪ್ಪೂ ಓದಲು ಬರುವಂತಿರಬೇಕು. ಕ್ಲಾಸೆಲ್ಲ ನಕ್ಕಿತ್ತು. ಆಗ ಅವಮಾನವಾಗಿತ್ತು. ಈಗ ಯೋಚಿಸಿದರೆ ಈ ಹಾಳು ಸಾಫ್ಟ್‌ವೇರು ಶನಿವಾರ ಮಾಡಿದ್ದು ಅಷ್ಟನ್ನೇ.

ಗಡಿಯಾರ ಹತ್ತಾಗಲು ಎಂಟು ನಿಮಿಷ ತೋರಿಸುತ್ತಿತ್ತು. ಮಹಾದೇವಪ್ಪ ಬರುವುದು ಹನ್ನೊಂದಕ್ಕೆ. ಅವಳು ಚೀಲ ಕೆಳಗಿಟ್ಟು, ಕೂತು, ಅಚ್ಚರಿಯಾಗುವಷ್ಟು ಶಾಂತವಾಗಿ ಕೆಲಸಕ್ಕೆ ತೊಡಗಿದಳು. ವರದಿಯನ್ನು ತೆರೆದಳು. ತಿದ್ದುಪಡಿಗಳನ್ನು ಒಪ್ಪಿಕೊಂಡಳು, ಗುಳ್ಳೆ ಅಳಿಸಿದಳು. 1.2 ಒಂಟಿಯಾಗಿ, ಸಭ್ಯವಾಗಿ ನಿಂತಿತು. ಪ್ರಿಂಟು, ಇಮೇಜ್ ರೈಟರ್, ಎಲ್ಲ ಕಂಪ್ಯೂಟರಿನಲ್ಲೂ ತೆರೆಯುವ ಬಗೆಯ ಚಿತ್ರವಾಗಲಿ ಎಂಬ ಆಯ್ಕೆ. ಮುಗಿದ ಮೇಲೆ ಚಿತ್ರವನ್ನು ತೆರೆದು ತೋರಿಸು ಎಂಬ ಚೌಕವನ್ನು ಅವಳು ವರ್ಷದ ಹಿಂದೆಯೇ ತೆಗೆದುಹಾಕಿದ್ದಳು, ಹಳೆಯ ಯಂತ್ರ ಅಷ್ಟಕ್ಕೇ ಏದುಸಿರು ಬಿಡುತ್ತದೆಂದು; ಆ ಚೌಕವಿದ್ದಿದ್ದರೆ ಶನಿವಾರವೇ ಗೊತ್ತಾಗುತ್ತಿತ್ತು. ಈಗ ಚೌಕಕ್ಕೆ ಗುರುತು ಹಾಕಿದಳು. ಚಿತ್ರ ಮೇಲಿನಿಂದ ಕೆಳಗೆ ನಿಧಾನವಾಗಿ ಮೂಡಿತು. ಅಂಚು ಖಾಲಿ. ಹೊಸ ಇ-ಮೇಲಿಗೆ ಅದನ್ನು ಅಂಟಿಸಿ ಟೈಪು ಮಾಡಿದಳು: ‘ತಾಂತ್ರಿಕ ಕಾರಣದಿಂದ ಹಿಂದಿನ ವರದಿಯಲ್ಲಿ ದೋಷವಾಗಿದೆ. ದಯವಿಟ್ಟು ಅದನ್ನು ಅಳಿಸಿ ಇದನ್ನು ಇಟ್ಟುಕೊಳ್ಳಿ.’ ಒಂದೂ ಸುಳ್ಳಿಲ್ಲದಂತೆ ಕಾಣುವ ಎರಡು ವಾಕ್ಯ. ಕಳಿಸು ಎಂಬುದರ ಮೇಲೆ ಬಾಣದ ಗುರುತು ಇಟ್ಟು ಒತ್ತಿ, ಮೋಡೆಮ್ ಸಂಪರ್ಕಕ್ಕಾಗಿ ಕಿರುಗುಡುವುದನ್ನು ಕೇಳುತ್ತ ಕೂತಳು. ಸಂಪರ್ಕ ಸಿಗಲಿಲ್ಲ. ಮತ್ತೊಮ್ಮೆ ಕಿರುಗುಟ್ಟಿತು, ಸಿಗಲಿಲ್ಲ. ಮೋಡೆಮ್ ಲೈನು ಬಿಟ್ಟುಕೊಟ್ಟ ಕ್ಷಣಕ್ಕೇ ಫೋನು ರಿಂಗಾಯಿತು.

‘ಹಲೋ, ನೀರು ಪರೀಕ್ಷಾ ಮಾಡೋ ಆಫೀಸೇನ್ರಿ?’

‘ಹೌದ್ರಿ. ಯಾರು ಮಾತಾಡೋದು?’

‘ನಾನ್ರಿ ಗೌಸಸಾಬ, ಲೇಔಟ್ ಕಮಿಟಿ ಸೆಕ್ರೆಟ್ರಿ. ಮೊನ್ನೆ ನೀವು ಬಾಟ್ಲಿ ತುಂಬಾಕ ಬಂದಾಗ ಚಾ ಕುಡ್ರಿ ಅಂದೆ, ಒಲ್ಲೆ ಅಂದ್ರೆಲ್ಲಾ, ಆ ಸಾಬ.’

ನೆನಪಿತ್ತು. ಬಿಳಿ ಗಡ್ಡದ, ಬೆರಳಿಗೆ ಗ್ರೀಸು ಮೆತ್ತಿದ ಮನುಷ್ಯ. ಅವರ ಹಿಂದೆ ಬಾಗಿಲಲ್ಲಿ ಸೊಸೆ, ಸೊಸೆಯ ಸೆರಗು ಹಿಡಿದು ಒಂದು ಹುಡುಗಿ. ಚಹಾ ಒಲ್ಲೆನೆಂದದ್ದು ಬೇಡವಾಗಿ ಅಲ್ಲ, ಆ ನೀರಿನದೇ ಚಹಾ ಎಂದು ತಿಳಿದಿತ್ತು. ಆಗಿನ್ನೂ ಪರೀಕ್ಷೆಯೇ ಆಗಿರಲಿಲ್ಲ. ಬರೀ ಅಭ್ಯಾಸಬಲದ ಅನುಮಾನ.

‘ಹೇಳ್ರಿ ಕಾಕಾ.’

‘ಏನಿಲ್ರಿ ಬಾಯಾರ, ಸೊಸಿ ಸೈಬರಿಗೆ ಹೋಗಿ ನಿಮ್ಮ ಕಾಗದ ತಗಸ್ಕೊಂಡು ಬಂದಾಳ. ಛಲೋ ಬಂದೈತಿ, ಅಕ್ಷರ ಎಲ್ಲಾ ಸ್ವಚ್ಛ ಬಂದಾವ. ಆದ್ರ ಒಂದ ಕಡೆ ಎರಡು ಅಂಕಿ ಅದಾವ್ರಿ. ಒಂದರ ಮ್ಯಾಲೆ ಗೆರಿ ಹೊಡದೀರಿ. ನಾ ಮೋಟರ್ ರಿವೈಂಡಿಂಗ್ ಮಾಡಾಂವ. ನೀರು ಮ್ಯಾಲೆ ಏರ್ಸೂದು ಗೊತ್ತು ನನಗ, ನೀರಿನ ಒಳಗಿಂದು ಗೊತ್ತಿಲ್ಲ. ಯಾವ್ದು ಹಿಡೀಲಿ?’

‘ಅದು...’ ಎಂದಳು ಸುಲಭಾ. ಪರದೆಯ ಮೇಲೆ ಎರಡು ವಾಕ್ಯ ಸಿದ್ಧವಾಗಿದ್ದವು, ಓದಿ ಹೇಳಿದರೆ ಸಾಕಿತ್ತು. ಆ ಕಡೆ ಹೆಂಗಸಿನ ದನಿ, ‘ಅಬ್ಬಾ, ಫೋನ್ ಕೊಡ್ರಿಲ್ಲೆ.’

‘ಮೇಡಂ, ನಾನ್ರಿ ಬುಶ್ರಾ, ಇವರ ಸೊಸಿ. ಪಿಯುಸಿ ಸೈನ್ಸ್ ಮಾಡೇನಿ, ಅದಕ್ಕ ಕೇಳಾಕತ್ತೇನಿ, ಸಿಟ್ಟಾಗಬ್ಯಾಡ್ರಿ. ಒಂದೂವರಿತನಕಾ ನಡೀತೈತಿ ಅಂತ ನೀವ ಕೆಳಗ ಬರದೀರಿ. ಒಂದು ಅಂಕಿ ಅದಕ್ಕಿಂತ ಮ್ಯಾಲೈತಿ, ಒಂದು ಕೆಳಗೈತಿ. ಬಾಜೂಕ ಇನ್ನೊಮ್ಮೆ ನೋಡ್ರಿ ಅಂತ ಬರದಾರ. ನೋಡಿದ್ರೇನ್ರಿ? ನಮ್ಮ ಹುಡುಗಿಗೆ ಐದು ನಡದೈತಿ, ಹಲ್ಲು ಬೀಳೂ ಟೈಮ್.’

ಸುಲಭಾ ಕಿಟಕಿಯಾಚೆ ನೋಡಿದಳು. ದೂರದ ವರ್ಕ್‌ಶಾಪಿನ ಅಂಗಳದಲ್ಲಿ ಒಬ್ಬ ಕಬ್ಬಿಣದ ಪಟ್ಟಿಗಳನ್ನು ಒಂದೊಂದಾಗಿ ಎತ್ತಿ ಲಾರಿಗೆ ಹಾಕುತ್ತಿದ್ದ. ಪ್ರತಿ ಪಟ್ಟಿ ಬಿದ್ದ ಮೇಲೆ ಸದ್ದು ಒಂದು ಗಳಿಗೆ ತಡವಾಗಿ ಬರುತ್ತಿತ್ತು. ಅವಳಿಗೆ ಮೂವತ್ತೈದು ವರ್ಷ. ಇಷ್ಟು ವರ್ಷಗಳಲ್ಲಿ ಯಾರೂ ಅವಳನ್ನು ಹೀಗೆ ನೇರವಾಗಿ, ಉತ್ತರ ಅವಳಲ್ಲೇ ಇದೆ ಎಂಬ ನಂಬಿಕೆಯಿಂದ, ಒಂದು ಪ್ರಶ್ನೆ ಕೇಳಿರಲಿಲ್ಲ ಎನಿಸಿತು. ಅಥವಾ ಕೇಳಿದ್ದರೋ ಏನೋ, ಅವಳು ಪೆಟ್ಟಿಗೆ ಮುಚ್ಚಿಬಿಟ್ಟಿರಬೇಕು.

‘ಗೆರಿ ಹೊಡದದ್ದು ಖರೇ ಐತಿ’ ಎಂದಳು.

‘ರೀ?’

‘ಒಂದು ಪಾಯಿಂಟ್ ಒಂಬತ್ತು. ಮೀಟರ್ ತೋರ್ಸಿದ್ದು ಅದನ್ನ. ಇನ್ನೊಂದು ನಾ ಬರದದ್ದು. ನಾ ಮತ್ತ ನೋಡಲಿಲ್ಲ, ನೋಡದನ ಬರದೆ. ತಪ್ಪು ನಂದು. ಆ ನೀರು ಹುಡುಗಿಗೆ ಕುಡಸಬ್ಯಾಡ್ರಿ. ಸ್ನಾನಕ್ಕ, ಭಾಂಡಿ ತೊಳ್ಯಾಕ ಅಡ್ಡಿ ಇಲ್ಲ. ಕುಡ್ಯಾಕ, ಅಡಗಿಗೆ ಬ್ಯಾಡ. ಕಾಸಿದ್ರೂ ಹೋಗೂದಿಲ್ಲದು.’

ಬುಶ್ರಾ ಮಾವನಿಗೆ ತಮ್ಮ ಮಾತಿನಲ್ಲಿ ಏನೋ ಹೇಳಿದಳು. ಮತ್ತೆ ಗೌಸಸಾಬರ ದನಿ: ‘ಅಲ್ರಿ ಬಾಯಾರ! ಮಂದಿ ಸುಳ್ಳಿಗೆ ಗೆರಿ ಹೊಡಿತಾರ, ನೀವು ಖರೇದ್ದಕ್ಕ ಹೊಡದು ಕುಂತೀರೆಲ್ಲಾ!’ ಅವರು ನಗುತ್ತಿದ್ದರೋ ಬೈಯುತ್ತಿದ್ದರೋ ತಿಳಿಯಲಿಲ್ಲ, ಎರಡೂ ಇರಬೇಕು. ‘ಬುಧವಾರ ಶಶಿಕಾಂತ್‌ಸಾಹೇಬ್ರು ಬೋರಿನ ಕೀಲಿ ಕೊಡಾವ್ರದಾರ. ನಾ ಸಹಿ ಮಾಡಂಗಿಲ್ಲ ಹಂಗಾರ. ಹೌದಿಲ್ಲೋ?’

‘ಮಾಡಬ್ಯಾಡ್ರಿ. ಸರಿಯಾದ ವರದಿ ಇವತ್ತ ಕಳಸ್ತೇನಿ.’

ಫೋನು ಇಟ್ಟಳು. ನೌಕರಿ ಹೋಗಬಹುದು. ಆ ಯೋಚನೆ ಬಂದು, ಬಾಗಿಲಲ್ಲಿ ನಿಂತು, ಒಳಗೆ ಕರೆಯಲಿಲ್ಲವೆಂದು ಹಾಗೇ ನಿಂತುಕೊಂಡಿತು. ಅವಳು ಕಳಿಸದೆ ಉಳಿದ ಇ-ಮೇಲನ್ನೂ, ಖಾಲಿ ಅಂಚಿನ ಆ ಚೊಕ್ಕ ಚಿತ್ರವನ್ನೂ ಅಳಿಸಿದಳು. ಖಂಡಿತ ಅಳಿಸಲೇ ಎಂದು ಪೆಟ್ಟಿಗೆ ಕೇಳಿತು. ಈ ಸಲ ಆ ಪ್ರಶ್ನೆಯನ್ನು ಪೂರ್ತಿ ಓದಿ, ಹೌದು ಎಂದಳು.

ಮಹಾದೇವಪ್ಪ ಹನ್ನೊಂದಕ್ಕೆ ಸರಿಯಾಗಿ ಬಂದು ಕೊಡೆಯನ್ನು ಮೊಳೆಗೆ ತೂಗಿಹಾಕುತ್ತಿರುವಾಗಲೇ, ಅವರು ಕೂರುವ ಮೊದಲೇ, ಸುಲಭಾ ನಿಂತುಕೊಂಡು ಎಲ್ಲವನ್ನೂ ಹೇಳಿಬಿಟ್ಟಳು. ನಿಧಾನಕ್ಕೆ ಹೇಳಿದ್ದರೆ ಆಗುತ್ತಿರಲಿಲ್ಲ. ಅವರು ಅವಳ ಪರದೆಯ ಮುಂದೆ ಬಗ್ಗಿ ಚಿತ್ರವನ್ನು ನೋಡಿದರು. ತಮ್ಮದೇ ಗುಳ್ಳೆಯನ್ನು ಯಾರದೋ ಕೈಬರಹವೆಂಬಂತೆ ಓದಿದರು.

‘ನಾ ಏನ್ ಬರದಿದ್ದೆ?’

‘ಇನ್ನೊಮ್ಮೆ ನೋಡ್ರಿ ಅಂತ, ಸರ್.’

‘ನೋಡಿದ್ರೇನು?’

‘ಇಲ್ರಿ.’

‘ನೋಡಬೇಕಿತ್ತು.’ ಅವರು ಕನ್ನಡಕ ತೆಗೆದರು, ಒರೆಸಲಿಲ್ಲ, ಕೈಯಲ್ಲೇ ಹಿಡಿದರು. ಬೈಗುಳ ಬರಲಿ ಎಂದು ಅವಳು ಕಾಯುತ್ತಿದ್ದಳು, ಬಂದರೆ ಹಗುರಾಗುತ್ತಿತ್ತು. ‘ಖರೇ ಹೇಳಬೇಕಂದ್ರ ಸುಲಭಾ, ನೀವು ನೋಡೂದಿಲ್ಲ ಅಂತ ಗೊತ್ತಿದ್ದನ ಬರದೆನೋ ಏನೋ. ಎರಡು ದಿನ ಆತು, ಅದನ್ನ ವಿಚಾರ ಮಾಡಾಕತ್ತೇನಿ. ನನಗೂ ಗೊತ್ತಾಗವಲ್ದು.’ ಆಮೇಲೆ ಕನ್ನಡಕ ಹಾಕಿಕೊಂಡು, ‘ಬಾಟ್ಲಿ ಉಳದೈತೇನು?’ ಎಂದರು.

ಉಳಿದಿತ್ತು. ಎಷ್ಟೋ ವರ್ಷಗಳಿಂದ ಮೀಟರು ಮುಟ್ಟದಿದ್ದ ಮಹಾದೇವಪ್ಪ ತೋಳು ಮಡಚಿ, ಎಲೆಕ್ಟ್ರೋಡನ್ನು ತಾವೇ ತೊಳೆದು, ಮೆತ್ತನೆಯ ಕಾಗದದಿಂದ ಒತ್ತಿ ಒರೆಸಿದರು. ಅಂಕಿ ಗೊತ್ತಿದ್ದ ದ್ರಾವಣಗಳನ್ನು ಮೊದಲು ಇಟ್ಟು ಮೀಟರು ಸರಿಯಿದೆಯೆಂದು ಸುಲಭಾ ತೋರಿಸಿದಳು. ಆಮೇಲೆ ಆ ನೀರು. ಅಂಕಿ ಒಂದರ ಆಸುಪಾಸಿನಲ್ಲಿ ಶುರುವಾಗಿ ಏರತೊಡಗಿತು. 1.2 ದಾಟುವಾಗ ಅಲ್ಲೇ ತಡೆದಂತಾಯಿತು. ಅಲ್ಲಿಯೇ ನಿಂತುಬಿಟ್ಟರೆ? ತನ್ನ ಸುಳ್ಳು ನಿಜವಾಗಿಬಿಟ್ಟರೆ ಎಂದು ಭಯವಾದದ್ದು ಅವಳಿಗೇ ವಿಚಿತ್ರವೆನಿಸಿತು. ನಿಲ್ಲಲಿಲ್ಲ. 1.5. 1.7. 1.86ರಲ್ಲಿ ಅತ್ತಿತ್ತ ತೂಗಿ, 1.88ಕ್ಕೆ ಬಂದು ಕೂತಿತು. ಇಬ್ಬರೂ ಒಂದು ನಿಮಿಷ ಹಾಗೆಯೇ ನೋಡಿದರು.

‘ಬರ್ಕೋರಿ’ ಎಂದರು ಮಹಾದೇವಪ್ಪ.

ಒಳಗಿನ ಕೋಣೆಗೆ ಹೋಗಿ ಅವರು ಶಶಿಕಾಂತನಿಗೆ ಫೋನು ಮಾಡಿದ್ದು ಪ್ಲೈವುಡ್ಡಿನ ಅಡ್ಡಗೋಡೆಯ ಈಚೆಗೆ ಸ್ಪಷ್ಟವಾಗಿ ಕೇಳುತ್ತಿತ್ತು. ಬಹಳ ಹೊತ್ತು ಆ ಕಡೆಯವನೇ ಮಾತಾಡಿದ. ಇವರು ‘ಹೂಂ’, ‘ಹೂಂ’ ಎನ್ನುತ್ತಿದ್ದರು. ಕೊನೆಗೆ, ದನಿ ಏರಿಸದೆ, ‘ಕಟ್ಟಡ ನಿಮ್ಮ ಕಾಕಾಂದೈತಿ, ನಾ ಅಲ್ಲ ಅನ್ನೂದಿಲ್ಲ. ಮೀಟರ್ ನಂದೈತ್ರಿ. ನೀರಿಗೆ ಫಿಲ್ಟರ್ ಹಾಕಸ್ರಿ, ಇಲ್ಲಾ ಬ್ಯಾರೆ ಬೋರ್ ಹೊಡಸ್ರಿ. ಹಾಕಿಸಿದ ಮ್ಯಾಲೆ ಕರೀರಿ, ಮತ್ತ ನೋಡೂಣು’ ಎಂದು ಇಟ್ಟರು. ಇಟ್ಟ ಮೇಲೆ ಕೆಮ್ಮಿದರು.

ಹೊಸ ವರದಿಯಲ್ಲಿ ಯಾವ ಕೆಂಪೂ ಇರಲಿಲ್ಲ, ಗುಳ್ಳೆಯೂ ಇರಲಿಲ್ಲ. ಆದರೂ ಸುಲಭಾ ಚಿತ್ರವಾದ ಪುಟವನ್ನು ತೆರೆದು ನಾಲ್ಕು ಅಂಚುಗಳನ್ನೂ ನೋಡಿ, ಇಬ್ಬರಿಗೂ ಕಳಿಸಿದಳು. ಸಂಪರ್ಕ ಒಂದೇ ಸಲಕ್ಕೆ ಸಿಕ್ಕಿತು. ಅರ್ಧ ಗಂಟೆಗೆ ಬುಶ್ರಾಳ ಫೋನು, ಹಿಂದೆ ಸೈಬರಿನ ಗದ್ದಲ.

‘ಬಂತ್ರಿ ಮೇಡಂ. ಈಗ ಒಂದ ಅಂಕಿ ಐತಿ. ಮತ್ತ ಹಳೇದು ಅಳಸಿ ಬಿಡ್ಲೇನು? ಕೆಳಗ ನಿಮ್ಮ ಹೆಸರೈತ್ರಿ ಅದರಾಗ, ಯಾರರ ನೋಡಿದ್ರ ಚಂದ ಕಾಣ್ಸೂದಿಲ್ಲ.’

ಬುಶ್ರಾ ತನ್ನನ್ನು ಉಳಿಸಲು ನೋಡುತ್ತಿದ್ದಾಳೆ ಎಂದು ಸುಲಭಾಳಿಗೆ ಹೊಳೆಯಿತು.

‘ಬ್ಯಾಡವಾ’ ಎಂದಳು. ‘ಅದೂ ಇರ್ಲಿ. ಎರಡೂ ಜೋಡಿ ಮಾಡಿ ಇಟ್ಟಕೋ.’

‘ಆತ್ರಿ. ಅಬ್ಬಾ ಹೇಳ್ಯಾರ, ಮುಂದಿನ ಸಲ ಬಂದಾಗ ಚಾ ಕುಡದ ಹೋಗಬೇಕಂತ. ಟ್ಯಾಂಕರ್ ನೀರಾಗ ಮಾಡ್ತಾರಂತ.’

ಫೋನು ಇಟ್ಟು ಗಡಿಯಾರ ನೋಡಿದಳು. ಹನ್ನೆರಡೂ ಹತ್ತು, ಊಟಕ್ಕೆ ಇನ್ನೂ ಮುಕ್ಕಾಲು ಗಂಟೆಯಿತ್ತು. ಶನಿವಾರ ರಾತ್ರಿಯಿಂದ ಸರಿಯಾಗಿ ಉಂಡಿರಲಿಲ್ಲ ಎಂಬುದು ಈಗ ತಿಳಿಯಿತು. ಅವಳು ಬುತ್ತಿ ಬಿಚ್ಚಿ, ಮೀಟರಿಗೆ ಬೆನ್ನು ಮಾಡಿ ಕೂತು, ರೊಟ್ಟಿ ಮುರಿದಳು. ಬದನೆಕಾಯಿ ಪಲ್ಯ ತಣ್ಣಗಾಗಿತ್ತು. ಒಳಗಿನಿಂದ ಮಹಾದೇವಪ್ಪ, ‘ಸುಲಭಾ, ಇಷ್ಟ ಲಗೂ ಊಟಕ್ಕ ಕುಂತ್ರೇನು?’ ಎಂದು ಕೂಗಿದರು.

‘ಹೌದ್ರಿ ಸರ್’ ಎಂದಳು, ಬಾಯಲ್ಲಿ ತುತ್ತಿಟ್ಟುಕೊಂಡೇ. ‘ಹಸಿವ್ಯಾಗೈತಿ.’